ಯುವಿ ದೀಪ ಹಾಕಿದರೂ ಬೂದಿ ರೋಗ ನಿಲ್ಲುತ್ತಿಲ್ಲವೇ? ಪಾಲಿಹೌಸ್ ತರಕಾರಿಯಲ್ಲಿ ತಪ್ಪು ಹುಡುಕುವ ಕ್ರಮ

ಒಂದು ಚಳಿಗಾಲದಲ್ಲಿ ನಮ್ಮ 20 ಗುಂಟೆ ಪಾಲಿಹೌಸಿನ ಸೌತೆಗೆ, ಎಲೆಯ ಮೇಲೆ ಬಿಳಿ ಪುಡಿ ಕಟ್ಟುವ ಬೂದಿ ರೋಗ ಹತ್ತಿತು. ಗಂಧಕ ಹೊಡೆದೆ, ಬೇರೆ ಔಷಧಿ ಹೊಡೆದೆ. ಎಂಟು ದಿನ ಸುಮ್ಮನಿದ್ದು ಮತ್ತೆ ಕಾಣಿಸಿಕೊಂಡಿತು. ಕೊನೆಗೆ ಯುವಿ-ಸಿ ಟ್ಯೂಬು ಕಟ್ಟಿದ ತಳ್ಳುಗಾಡಿ ಮಾಡಿಸಿ ವಾರಕ್ಕೆರಡು ಸಲ ಸಾಲುಗಳ ನಡುವೆ ಓಡಿಸಿದೆ. ಮೂರು ವಾರವಾದರೂ ಫಲ ಕಾಣಲಿಲ್ಲ. ದೀಪ ಸರಿಯಾಗಿಯೇ ಇತ್ತು. ಅದನ್ನು ಹಚ್ಚುತ್ತಿದ್ದ ಹೊತ್ತು ತಪ್ಪಾಗಿತ್ತು. ಆ ತಪ್ಪು ಗೊತ್ತಾದದ್ದು ಹೇಗೆಂದು ಮುಂದೆ ಬರೆದಿದ್ದೇನೆ. ದೀಪಕ್ಕೆ ದುಡ್ಡು ಹಾಕುವ ಮುಂಚೆ, ಹಾಕಿಯೂ ಕೈಸುಟ್ಟುಕೊಂಡ ಮೇಲೆ, ಏನೇನು ನೋಡಬೇಕು ಎಂಬುದನ್ನು ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ ಹೇಳುತ್ತೇನೆ.

## ಶುರುವಿಗೆ ಇಷ್ಟು ತಿಳಿದಿರಲಿ

ಯುವಿ, ಅಂದರೆ ಅತಿನೇರಳೆ ಬೆಳಕು, ಒಂದೇ ಬೆಳಕಲ್ಲ. ಅಲೆಯ ಉದ್ದ 315ರಿಂದ 400 ನ್ಯಾನೋಮೀಟರ್ ಇರುವುದು ಯುವಿ-ಎ, 280ರಿಂದ 315ರದ್ದು ಯುವಿ-ಬಿ, 280ಕ್ಕಿಂತ ಕೆಳಗಿನದು ಯುವಿ-ಸಿ. ಬಿಸಿಲಿನಲ್ಲಿ ನಮ್ಮ ಹೊಲಕ್ಕೆ ಬರುವುದು ಯುವಿ-ಎ ಮತ್ತು ಸ್ವಲ್ಪ ಯುವಿ-ಬಿ. ಯುವಿ-ಸಿಯನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ಹಾಗಾಗಿ ಯುವಿ-ಸಿ ಬೇಕಾದರೆ ದೀಪವೇ ಆಗಬೇಕು, ಸಾಮಾನ್ಯವಾಗಿ 254 ನ್ಯಾನೋಮೀಟರಿನ ಪಾದರಸದ ಟ್ಯೂಬು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ, ನೀರಿನ ಫಿಲ್ಟರಿನಲ್ಲಿ ಇರುವುದು ಇದೇ ಟ್ಯೂಬು.

ಈ ಬೆಳಕಿಗೆ ಎಲೆಯೊಳಗೆ ಇಳಿಯುವ ಶಕ್ತಿ ತೀರಾ ಕಡಿಮೆ. ಆದ್ದರಿಂದ ಕೆಳಗಿನ ಎಲ್ಲ ಪರೀಕ್ಷೆಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ನಿಮ್ಮ ಬೆಳೆಯ ಶಿಲೀಂಧ್ರ ಎಲೆಯ ಮೇಲಿದೆಯೋ, ಒಳಗಿದೆಯೋ? ಮೇಲಿದ್ದರೆ ಬೆಳಕು ಕೆಲಸ ಮಾಡುತ್ತದೆ. ಒಳಗಿದ್ದರೆ ಕರೆಂಟು ಬಿಲ್ಲಷ್ಟೇ ಬರುತ್ತದೆ.

## ಎಲೆಯ ಮೇಲೆ ಬಿಳಿ ಪುಡಿ ಕಾಣುತ್ತಿದೆ

ಮೊದಲು ಅದು ರೋಗವೇ ಎಂದು ಖಚಿತ ಮಾಡಿಕೊಳ್ಳಿ. ಹೆಬ್ಬೆರಳಿನಿಂದ ಒಂದು ಕಲೆಯನ್ನು ಒರೆಸಿ, ಆ ಎಲೆಗೆ ದಾರ ಕಟ್ಟಿ ಗುರುತಿಡಿ. ಬೂದಿ ರೋಗವಾದರೆ ಹಿಟ್ಟಿನ ಹಾಗೆ ಬೆರಳಿಗೆ ಬರುತ್ತದೆ, ಕೆಳಗೆ ಎಲೆ ಸ್ವಲ್ಪ ಹಳದಿಯಾಗಿರುತ್ತದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಪುಡಿ ಏಳುತ್ತದೆ. ಔಷಧಿಯ ಅಥವಾ ಗಡಸು ನೀರಿನ ಕಲೆಯಾದರೆ ಹನಿ ಒಣಗಿದ ಆಕಾರದಲ್ಲಿ ಅಂಚುಕಟ್ಟಿಕೊಂಡಿರುತ್ತದೆ, ಒರೆಸಿದ ಮೇಲೆ ಮರಳಿ ಬರುವುದಿಲ್ಲ. ಅದೇ ಕಲೆ ಬಳ್ಳಿ ಕಟ್ಟಿದ ದಾರದ ಮೇಲೂ ಕಬ್ಬಿಣದ ಪೈಪಿನ ಮೇಲೂ ಇದ್ದರೆ ರೋಗದ ಮಾತೇ ಇಲ್ಲ. ಸಿಹಿಗುಂಬಳದ ಜಾತಿಯವುಗಳಲ್ಲಿ ನರಗಳ ಗುಂಟ ಬೆಳ್ಳಿಯಂಥ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಅದು ಒರೆಸಿದರೆ ಹೋಗುವುದಿಲ್ಲ.

ಇನ್ನು ಬೆಳೆ ಯಾವುದು ಎಂಬುದು ಮುಖ್ಯ. ಸೌತೆ, ಕುಂಬಳ, ಕಲ್ಲಂಗಡಿಯ ಬೂದಿ ರೋಗದ ಶಿಲೀಂಧ್ರ ಎಲೆಯ ಮೇಲೆಯೇ ಹಬ್ಬುತ್ತದೆ. ಮೇಲ್ಚರ್ಮದ ಜೀವಕೋಶದೊಳಕ್ಕೆ ಸಣ್ಣ ಹೀರುಬೇರನ್ನಷ್ಟೇ ಇಳಿಸಿ ಊಟ ಎಳೆದುಕೊಳ್ಳುತ್ತದೆ. ದೇಹವೆಲ್ಲ ಹೊರಗೆ ಬಯಲಲ್ಲಿ ಬಿದ್ದಿರುವುದರಿಂದ ಬೆಳಕಿಗೆ ಸುಲಭವಾಗಿ ಸಿಗುತ್ತದೆ.

ದೊಣ್ಣೆ ಮೆಣಸಿನಕಾಯಿಯ ಕಥೆ ಬೇರೆ. ಅದಕ್ಕೆ ಬರುವ ಬೂದಿ ರೋಗ ಲೆವೆಯುಲಾ ಟಾರಿಕಾ ಎಂಬ ಬೇರೆ ಶಿಲೀಂಧ್ರದ್ದು. ಅದು ಎಲೆಯೊಳಗೆ ಬೆಳೆದು, ಎಲೆಯ ತಳಭಾಗದ ಪತ್ರರಂಧ್ರಗಳಿಂದ, ರೋಗ ಹರಡುವ ಬೀಜಕದ ಕಡ್ಡಿಗಳನ್ನು ಹೊರಚಾಚುತ್ತದೆ. ಮೇಲೆ ಮಸುಕು ಹಳದಿ ಮಚ್ಚೆ, ತಿರುಗಿಸಿ ನೋಡಿದರೆ ಬಿಳಿ ಪುಡಿ. ಪಕ್ಕದ ತೋಟದವರು ನಮ್ಮ ಗಾಡಿಯನ್ನೇ ಒಯ್ದು ಮೆಣಸಿನಕಾಯಿಗೆ ಓಡಿಸಿ, ‘ನಿಮಗೆ ಕೈಹಿಡಿದದ್ದು ನಮಗೇಕೆ ಹಿಡಿಯಲಿಲ್ಲ?’ ಎಂದು ಕೇಳಿದರು. ಕಾರಣ ಇಷ್ಟೇ. ಹೊರಗೆ ಕಂಡ ಪುಡಿ ಸತ್ತರೂ ಒಳಗಿನ ಬೇರು ಹಾಗೇ ಉಳಿದಿರುತ್ತದೆ. ದೊಣ್ಣೆ ಮೆಣಸಿನಕಾಯಿ ಬೆಳೆಯುವವರಿಗೆ ನನ್ನ ಸಲಹೆ ಇದು: ರೋಗ ಹತ್ತಿದ ಮೇಲೆ ದೀಪ ಕೊಳ್ಳಬೇಡಿ.

## ಪುಡಿ ಒಳಸಾಲುಗಳಲ್ಲಿ ಜಾಸ್ತಿ, ಅಂಚಿನಲ್ಲಿ ಕಡಿಮೆ

ಪರದೆ ಎತ್ತಿದಾಗ ನೇರ ಬಿಸಿಲು ತಾಗುವ ಪೂರ್ವದ ಅಂಚಿನ ಸಾಲು ಸ್ವಚ್ಛವಾಗಿದ್ದು, ನಡುಸಾಲಿನ ಬುಡದೆಲೆಗಳು ಬಿಳಿಯಾಗಿದ್ದರೆ ಬಿಸಿಲಿನ ಯುವಿ-ಬಿ ಕೆಲಸ ಮಾಡುತ್ತಿರುವುದು ಎಲ್ಲಿ, ಮಾಡದಿರುವುದು ಎಲ್ಲಿ ಎಂದು ಬೆಳೆಯೇ ತೋರಿಸುತ್ತಿದೆ. ಬಯಲಿನ ಸೌತೆಗಿಂತ ಪಾಲಿಹೌಸಿನ ಸೌತೆಗೆ ಬೂದಿ ಹೆಚ್ಚು ಬರಲು ಇದೂ ಒಂದು ಕಾರಣ: ಹಾಳೆ ಯುವಿ-ಬಿಯನ್ನು ತಡೆಯುತ್ತದೆ, ಮಳೆಯ ನೀರೂ ಎಲೆ ತೊಳೆಯುವುದಿಲ್ಲ.

ಇಲ್ಲಿ ಖರ್ಚಿಲ್ಲದ ಕೆಲಸ ಮೊದಲು. ಕೊಯ್ಲು ಮುಗಿದ ಬುಡದೆಲೆಗಳನ್ನು ಕಿತ್ತು ಚೀಲದಲ್ಲಿ ತುಂಬಿ ಹೊರಗೆ ಒಯ್ಯಿರಿ. ಸಾಲಿನ ನಡುವೆ ಎಸೆದರೆ ಬೀಜಕಗಳನ್ನು ನಾವೇ ಹಂಚಿದಂತೆ. ಚಳಿಗಾಲದಲ್ಲೂ ಮರೆತು ಬಿಟ್ಟ ನೆರಳುಪರದೆ ಇದ್ದರೆ ಸರಿಸಿ. ಹಾಳೆಯ ಮೇಲಿನ ಧೂಳು ತೊಳೆಯಿರಿ. ಇದರಿಂದ ಬೆಳಕು ಹೆಚ್ಚಿ ಎಲೆ ಗಟ್ಟಿಯಾಗುತ್ತದೆ. ಆದರೆ ಯುವಿ-ಬಿ ಧಾರಾಳವಾಗಿ ಒಳಬರುತ್ತದೆ ಅಂದುಕೊಳ್ಳಬೇಡಿ.

## ದೀಪ ಓಡಿಸುತ್ತಿದ್ದರೂ ರೋಗ ನಿಲ್ಲುತ್ತಿಲ್ಲ

ಹೆಚ್ಚು ಜನ ಸೋಲುವುದು ಇಲ್ಲಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲ ಪ್ರಶ್ನೆ: ದೀಪ ಹಚ್ಚುವುದು ಯಾವಾಗ? ನಾನು ಬೆಳಗಿನ ಜಾವ ಐದಕ್ಕೆ, ಹಾಲು ಕರೆಯುವ ಮುಂಚೆ ಗಾಡಿ ಓಡಿಸುತ್ತಿದ್ದೆ. ಕತ್ತಲೆ ಇದೆಯಲ್ಲ, ಸಾಕು ಅನ್ನಿಸಿತ್ತು. ಯುವಿ-ಸಿ ಶಿಲೀಂಧ್ರದ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಆದರೆ ಶಿಲೀಂಧ್ರಕ್ಕೆ ಅದನ್ನು ರಿಪೇರಿ ಮಾಡಿಕೊಳ್ಳುವ ಫೋಟೋಲೈಯೇಸ್ ಎಂಬ ಕಿಣ್ವವಿದೆ. ಆ ಕಿಣ್ವ ನಡೆಯುವುದು ನೀಲಿ ಬೆಳಕು ಮತ್ತು ಯುವಿ-ಎಯ ಬಲದಿಂದ. ಅಂದರೆ ಐದಕ್ಕೆ ನಾನು ಮಾಡಿದ ಗಾಯವನ್ನು ಆರೂವರೆಗೆ ಹುಟ್ಟಿದ ಸೂರ್ಯ ವಾಸಿ ಮಾಡುತ್ತಿದ್ದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಗಡೌರಿ ಮತ್ತು ನಾರ್ವೆಯ ವಿಜ್ಞಾನಿಗಳು ರಾತ್ರಿ ಹೊತ್ತಿನ ಯುವಿಯನ್ನು ಹಿಡಿದು ಬೂದಿ ರೋಗದ ಮೇಲೆ ಕೆಲಸ ಮಾಡಿದ್ದರ ತಿರುಳೇ ಇದು. ಬೆಳಕು ತಾಗಿಸಿದ ಮೇಲೆ ಕಡಿಮೆಯೆಂದರೂ ನಾಲ್ಕು ಗಂಟೆ ಕತ್ತಲೆ ಸಿಕ್ಕರೆ, ರಿಪೇರಿಯಾಗದೆ ಉಳಿದ ಶಿಲೀಂಧ್ರ ಸಾಯುತ್ತದೆ. ಕತ್ತಲೆಯ ಸಹಾಯ ಇರುವುದರಿಂದ ಗಿಡಕ್ಕೆ ಪೆಟ್ಟಾಗದಷ್ಟು ಸಣ್ಣ ಪ್ರಮಾಣವೇ ಸಾಕಾಗುತ್ತದೆ.

ಗಾಡಿಯನ್ನು ರಾತ್ರಿ ಎಂಟಕ್ಕೆ ಬದಲಾಯಿಸಿದೆ. ದೀಪ ಅದೇ, ವೇಗ ಅದೇ. ಎರಡನೇ ವಾರದ ಹೊತ್ತಿಗೆ ಹೊಸ ಎಲೆಗಳು ಹಸಿರಾಗಿ ಬಂದವು. ಹಳೆಯ ಎಲೆಯ ಕಲೆಗಳು ಮಾಸಲು ಕಂದಾಗಿ ಅಲ್ಲೇ ನಿಂತವು. ಫಲ ನೋಡುವಾಗ ಹೊಸ ಎಲೆಯನ್ನೇ ನೋಡಿ, ಹಳೆಯ ಎಲೆ ಮೊದಲಿನಂತಾಗುವುದಿಲ್ಲ.

ರಾತ್ರಿ ಕೆಲಸಕ್ಕೆ ಬಿಳಿ ಎಲ್‌ಇಡಿ ದೀಪ ಹಚ್ಚಿಕೊಂಡು ಓಡಾಡಬೇಡಿ, ಅದರಲ್ಲಿ ನೀಲಿ ಬೆಳಕು ತುಂಬ ಇರುತ್ತದೆ. ಕೆಂಪು ದೀಪ ಇಟ್ಟುಕೊಳ್ಳಿ. ಕೆಂಪು ಬೆಳಕಿನಿಂದ ಆ ರಿಪೇರಿ ನಡೆಯುವುದಿಲ್ಲ.

ಎರಡನೆಯದು, ಟ್ಯೂಬು ನಿಜವಾಗಿ ಯುವಿ-ಸಿ ಕೊಡುತ್ತಿದೆಯೇ? ನೇರಳೆ ಬಣ್ಣದಲ್ಲಿ ಹೊಳೆಯುವ ಅಗ್ಗದ ಎಲ್‌ಇಡಿ ಪಟ್ಟಿಗಳು 395 ನ್ಯಾನೋಮೀಟರಿನ ಆಸುಪಾಸಿನವು. ಅವು ಯುವಿ-ಎ. ರೋಗ ಕೊಲ್ಲುವುದಿರಲಿ, ಆ ರಿಪೇರಿ ಕಿಣ್ವಕ್ಕೆ ಅವೇ ಬಲ ಕೊಡುತ್ತವೆ. ಟ್ಯೂಬಿನ ಮೇಲೆ 254 ಎಂದು ಬರೆದಿದೆಯೇ ನೋಡಿ. ಧೂಳು ಬೀಳದಿರಲೆಂದು ಗಾಜು ಅಥವಾ ಪ್ಲಾಸ್ಟಿಕ್ ಮುಚ್ಚಿದ್ದರೆ ತೆಗೆಯಿರಿ. ಸಾಮಾನ್ಯ ಗಾಜು ಯುವಿ-ಸಿಯನ್ನು ಪೂರ್ತಿ ತಡೆಯುತ್ತದೆ. ಟ್ಯೂಬಿನ ಮೇಲೆ ಔಷಧಿಯ ಮಂಜು, ಬೆರಳ ಜಿಡ್ಡು ಕೂತಿದ್ದರೂ ಬಲ ಕುಗ್ಗುತ್ತದೆ. ಪ್ಲಗ್ ಕಿತ್ತು, ಟ್ಯೂಬು ತಣ್ಣಗಾದ ಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ನೀಲಿಯಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಟ್ಯೂಬಿನಲ್ಲಿ ಬಲ ಇದೆ ಎಂದಲ್ಲ. ಕಣ್ಣಿಗೆ ಕಾಣುವ ನೀಲಿ ಉಳಿದು, ಕಾಣದ ಯುವಿ-ಸಿ ಹಳೆಯದಾಗುತ್ತ ಇಳಿದುಹೋಗಿರುತ್ತದೆ. ಓಡಿಸಿದ ಗಂಟೆಗಳನ್ನು ಗೋಡೆಯ ಮೇಲೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯದು ಪ್ರಮಾಣ. ಇದಕ್ಕೆ ಯುವಿ-ಸಿ ಮೀಟರು ಬೇಕು. ಕೊಳ್ಳಲಾಗದಿದ್ದರೆ ನಾಲ್ಕು ಜನ ರೈತರು ಸೇರಿ ಒಂದು ತರಿಸಿಕೊಳ್ಳಬಹುದು. ಲೆಕ್ಕ ಸರಳ: ಎಲೆ ಇರುವ ಜಾಗದಲ್ಲಿ ಮೀಟರು ತೋರಿಸಿದ ಬಲವನ್ನು ಬೆಳಕು ತಾಗಿದ ಸೆಕೆಂಡುಗಳಿಂದ ಗುಣಿಸಬೇಕು. ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್ ಅಂದರೆ ಚದರ ಮೀಟರಿಗೆ 10 ವ್ಯಾಟ್. ಆ ಬಲದಲ್ಲಿ ಒಂದು ಎಲೆಗೆ 20 ಸೆಕೆಂಡು ಬೆಳಕು ತಾಗಿದರೆ ಚದರ ಮೀಟರಿಗೆ 200 ಜೂಲ್ ಆಯಿತು. ಸ್ಟ್ರಾಬೆರಿಯ ಹೊಲಗಳಲ್ಲಿ ರಾತ್ರಿ ಹೊತ್ತು ವಾರಕ್ಕೆ ಒಂದೆರಡು ಸಲ 200 ಜೂಲ್ ಮತ್ತು ಅದಕ್ಕಿಂತ ಕಡಿಮೆ ಪ್ರಮಾಣ ಬಳಸಿ ಬೂದಿ ರೋಗವನ್ನು ಹತೋಟಿಯಲ್ಲಿಟ್ಟಿದ್ದಾರೆ. ಸೌತೆಯ ಎಲೆ ಸ್ಟ್ರಾಬೆರಿಗಿಂತ ಮೆದು. ತಳಿಯಿಂದ ತಳಿಗೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಹತ್ತು ಗಿಡಕ್ಕೆ ಇದರ ಕಾಲುಭಾಗದಿಂದ ಶುರುಮಾಡಿ, ನಾಲ್ಕು ದಿನ ಎಲೆ ನೋಡಿ, ಆಮೇಲೆ ಏರಿಸಿ.

ನಾಲ್ಕನೆಯದು ನೆರಳು. ಯುವಿ-ಸಿ ನೇರಗೆರೆಯಲ್ಲಿ ಹೋಗುತ್ತದೆ, ಒಂದು ಎಲೆ ಅಡ್ಡ ಬಂದರೂ ಅದರ ಹಿಂದಿನದಕ್ಕೆ ಸೊನ್ನೆ. ಬೂದಿ ರೋಗ ಎಲೆಯ ಕೆಳಮೈಯಲ್ಲೂ ಇರುತ್ತದೆ. ಟ್ಯೂಬನ್ನು ಮೇಲಿನಿಂದ ಇಳಿಬಿಟ್ಟವರಿಗಿಂತ ಪಕ್ಕದಿಂದ, ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಕಟ್ಟಿದವರಿಗೆ ಫಲ ಚೆನ್ನಾಗಿ ಸಿಗುತ್ತದೆ.

ಇಷ್ಟೆಲ್ಲ ಮಾಡುವಾಗ ಒಂದು ಸಾಲಿಗೆ ಬೆಳಕು ತಾಗಿಸದೆ ಬಿಡಿ. ಆ ಸಾಲು ಇಲ್ಲದಿದ್ದರೆ ರೋಗ ಇಳಿದದ್ದು ದೀಪದಿಂದಲೋ ಹವೆ ಬದಲಾಗಿದ್ದರಿಂದಲೋ ಯಾರಿಗೂ ಹೇಳಲಾಗದು.

## ಹಳದಿ ಚೌಕದ ಮಚ್ಚೆ, ಕೆಳಮೈಯಲ್ಲಿ ಬೂದು ತುಪ್ಪಟ

ಸೌತೆಯ ಎಲೆಯ ನರಗಳ ನಡುವೆ ಗೆರೆ ಕೊರೆದ ಹಾಗೆ ಮೂಲೆಮೂಲೆಯ ಹಳದಿ ಮಚ್ಚೆ ಕಂಡರೆ ಅದು ಬೂಜು ತುಪ್ಪಟ ರೋಗ. ಬೆಳಗ್ಗೆ ಏಳರೊಳಗೆ, ಇಬ್ಬನಿ ಆರುವ ಮುಂಚೆ ಎಲೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ. ನೇರಳೆ ಬೂದು ಬಣ್ಣದ ನವಿರು ಕೂದಲು ಕಾಣುತ್ತದೆ. ಕಾಣದಿದ್ದರೆ ಒಂದು ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಕತ್ತಲಲ್ಲಿಡಿ. ಕತ್ತಲೆ ಮತ್ತು ತೇವ ಸಿಕ್ಕಿದರೆ ಬೆಳಗಾಗುವುದರೊಳಗೆ ತುಪ್ಪಟ ಏಳುತ್ತದೆ.

ಈ ರೋಗದ ಜೀವಿ ಎಲೆಯೊಳಗೆ ಬೆಳೆಯುತ್ತದೆ. ಬೂದಿ ರೋಗಕ್ಕೆ ಇಟ್ಟ ದೀಪದಿಂದ ಇದು ನಿಲ್ಲುತ್ತದೆ ಎಂದು ಕಾದು ಕೂತರೆ ತೋಟ ಹೋಗುತ್ತದೆ. ಎಲೆ ಒದ್ದೆಯಾಗಿರುವ ಗಂಟೆಗಳನ್ನು ಕಡಿಮೆ ಮಾಡುವುದೇ ದಾರಿ: ಸಂಜೆ ನೀರು ಬಿಡಬೇಡಿ, ಪಕ್ಕದ ಪರದೆ ಬೆಳಗ್ಗೆ ಬೇಗ ಎತ್ತಿ, ತಡಮಾಡದೆ ಸರಿಯಾದ ಔಷಧಿ ಕೇಳಿ ಹೊಡೆಯಿರಿ.

ಟೊಮೆಟೊ ಮತ್ತು ಆಲೂಗಡ್ಡೆಯ ಕೊನೆ ಅಂಗಮಾರಿ ಇದರ ಬಂಧುವೇ. ಹಾಸನದ ಕಡೆ ಮುಂಗಾರಿನ ಆಲೂಗಡ್ಡೆ ಬೆಳೆಯುವವರು ‘ಮೋಡ ಕಟ್ಟಿತು ಅಂದರೆ ಭಯ’ ಅನ್ನುವುದರಲ್ಲಿ ಅತಿನೇರಳೆ ಬೆಳಕಿನ ಪಾಲೂ ಇದೆ. ಗಾಳಿಯಲ್ಲಿ ತೇಲುವ ಅದರ ಬೀಜಕಗಳು ಪ್ರಖರ ಬಿಸಿಲಿಗೆ ಸಿಕ್ಕರೆ ಒಂದು ಗಂಟೆಯ ಸುಮಾರಿಗೆ ಬಹುಪಾಲು ಸಾಯುತ್ತವೆ. ಮೋಡವಿದ್ದರೆ ಗಂಟೆಗಟ್ಟಲೆ ಬದುಕಿ ದೂರದ ಹೊಲಕ್ಕೂ ರೋಗ ಒಯ್ಯುತ್ತವೆ. ಮೂರು ದಿನ ಸೂರ್ಯ ಕಾಣದಿದ್ದರೆ, ನಿಮ್ಮ ಹೊಲದಲ್ಲಿ ಮಚ್ಚೆ ಇಲ್ಲದಿದ್ದರೂ ನೆರೆಯವರ ಹೊಲಕ್ಕೆ ಹೋಗಿ ನೋಡಿ ಬನ್ನಿ.

## ಉಂಗುರ ಉಂಗುರದ ಕಂದು ಚುಕ್ಕೆ, ಕಾಯಿಯ ಮೇಲೆ ಬೂದು ಬೂಜು

ಇಲ್ಲಿ ಲೆಕ್ಕ ತಿರುಗುಮುರುಗು. ಟೊಮೆಟೊದ ಎಲೆಯಲ್ಲಿ ಗುರಿಹಲಗೆಯಂತೆ ಉಂಗುರ ಕಟ್ಟುವ ಆಲ್ಟರ್ನೇರಿಯಾ, ಕಾಯಿಯ ಮೇಲೆ ಬೂದು ಬೂಜು ಕಟ್ಟುವ ಬೋಟ್ರೈಟಿಸ್, ಇವುಗಳ ಅನೇಕ ತಳಿಗಳಿಗೆ ಬೀಜಕ ಬಿಡಲು ಬಿಸಿಲಿನ ಅತಿನೇರಳೆ ಬೆಳಕೇ ಬೇಕು. ಜೊತೆಗೆ ಆಲ್ಟರ್ನೇರಿಯಾದ ಬೀಜಕದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ ಇರುವುದರಿಂದ ಬೆಳಕಿನ ಪೆಟ್ಟನ್ನೂ ತಾಳಿಕೊಳ್ಳುತ್ತದೆ. 1977ರಲ್ಲಿ ಜಪಾನಿನ ಹೋಂಡಾ ಮತ್ತು ಯುನೋಕಿ, ಅತಿನೇರಳೆ ಬೆಳಕನ್ನು ಹೀರುವ ಹಾಳೆಯ ಕೆಳಗೆ ಬೆಳೆದ ಬದನೆ ಮತ್ತು ಸೌತೆಗೆ ಸ್ಕ್ಲಿರೋಟಿನಿಯಾ ಕೊಳೆ ಕಡಿಮೆಯಾಗುವುದನ್ನು ತೋರಿಸಿದರು. ಆ ಶಿಲೀಂಧ್ರ ಮಣ್ಣಿನಿಂದ ಮೇಲೆ ಬಿಡುವ ಪುಟ್ಟ ಬಟ್ಟಲಿನಂಥ ಅಣಬೆ ಆ ಬೆಳಕಿಲ್ಲದೆ ಸರಿಯಾಗಿ ಬೆಳೆಯಲಿಲ್ಲ.

ಅಂಗಡಿಯಲ್ಲಿ ‘ಯುವಿ ಹಾಳೆ’ ಎಂದು ಕೊಡುವುದು ಹೆಚ್ಚಾಗಿ ಯುವಿ ಸ್ಟೆಬಿಲೈಸ್ಡ್ 200 ಮೈಕ್ರಾನ್ ಹಾಳೆ. ಸ್ಟೆಬಿಲೈಸ್ಡ್ ಅಂದರೆ ಬಿಸಿಲಿಗೆ ಪ್ಲಾಸ್ಟಿಕ್ಕು ಬೇಗ ಪುಡಿಯಾಗುವುದಿಲ್ಲ ಎಂದಷ್ಟೇ. ಗಿಡಕ್ಕೆ ಬರುವ ಯುವಿ-ಎಯನ್ನು ಪೂರ್ತಿ ತಡೆಯುವ ಹಾಳೆ ಬೇರೆಯೇ ಇದೆ. ಎಷ್ಟು ನ್ಯಾನೋಮೀಟರಿನವರೆಗೆ ತಡೆಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಆ ಗುಣ ವರ್ಷ ಕಳೆದಂತೆ ಕುಂದುತ್ತದೆ. ಮೊದಲೆರಡು ವರ್ಷ ಇಲ್ಲದ ಬೂದು ಬೂಜು ಈಗ ಬಂದಿದ್ದರೆ ಹಾಳೆಯ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಥ ಹಾಳೆಯಡಿ ಬಿಳಿನೊಣ, ಥ್ರಿಪ್ಸ್ ಕಡಿಮೆಯಾಗುವುದು ಲಾಭ. ಜೇನಿಗೆ ದಾರಿ ತಪ್ಪುವುದು ನಷ್ಟ. ಪರಾಗಸ್ಪರ್ಶ ಬೇಡದ ಪಾಲಿಹೌಸ್ ಸೌತೆಗೆ ಅದು ತೊಂದರೆಯಲ್ಲ.

## ದೀಪ ಹಾಕಿದ ಮೇಲೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿದೆ

ದೀಪದ ಕಡೆಗಿದ್ದ ಎಲೆಯ ಮೇಲ್ಮೈ ಮಾತ್ರ ಕಂಚಿನಂತೆ ಹೊಳೆದು, ಅಂಚು ಮುದುಡಿ, ಹಿಂದಿನ ಎಲೆಯ ನೆರಳು ಬಿದ್ದ ಜಾಗ ಹಸಿರಾಗಿಯೇ ಉಳಿದಿದ್ದರೆ ಅದು ಯುವಿಯ ಸುಟ್ಟಗಾಯ. ಅಂದೇ ದೀಪ ನಿಲ್ಲಿಸಿ, ಹೊಸ ಎಲೆ ಸರಿಯಾಗಿ ಬಂದ ಮೇಲೆ ಅರ್ಧ ಪ್ರಮಾಣದಿಂದ ಶುರುಮಾಡಿ. ಕಂಚಿನ ಬಣ್ಣ ಎಲೆಯ ಕೆಳಮೈಯಲ್ಲಿದ್ದು ಸಣ್ಣ ಬಲೆ, ಓಡಾಡುವ ಚುಕ್ಕೆಗಳು ಕಂಡರೆ ನುಸಿ. ಬಿಳಿ ಕಾಗದದ ಮೇಲೆ ಎಲೆ ಕೊಡವಿದರೆ ಗೊತ್ತಾಗುತ್ತದೆ. ಬಿಸಿಲು ಜೋರಾಗಿದ್ದಾಗ ಗಂಧಕ ಹೊಡೆದಿದ್ದರೆ ಸುಟ್ಟದ್ದು ಅದರಿಂದಲೂ ಇರಬಹುದು.

## ಟ್ರೈಕೋಡರ್ಮಾ, ಬ್ಯುವೇರಿಯಾ ಹೊಡೆದರೂ ಉಪಯೋಗವಾಗಲಿಲ್ಲ

ರೋಗ, ಕೀಟಗಳನ್ನು ಹತೋಟಿಗೆ ತರಲು ಹೊಡೆಯುವ ಇವೂ ಶಿಲೀಂಧ್ರಗಳೇ. ಬಿಸಿಲಿನ ಯುವಿ ಇವನ್ನೂ ಕೊಲ್ಲುತ್ತದೆ. ಬೆಳಗ್ಗೆ ಹತ್ತಕ್ಕೆ ಎಲೆಯ ಮೇಲೆ ಹೊಡೆದದ್ದು ಸಂಜೆಗೆ ಎಷ್ಟು ಉಳಿದೀತು? ಸೂರ್ಯ ಮುಳುಗಿದ ಮೇಲೆ ಹೊಡೆಯಿರಿ, ಆ ರಾತ್ರಿ ಯುವಿ ಗಾಡಿ ಹೊರಗೆ ತೆಗೆಯಬೇಡಿ. ಬುಡ ಕೊಳೆ, ಸೊರಗು ರೋಗ ಮಣ್ಣಿನವು. ಅವಕ್ಕೂ ದೀಪಕ್ಕೂ ಸಂಬಂಧವಿಲ್ಲ.

## ಕಣ್ಣಿನಲ್ಲಿ ಮರಳು ಬಿದ್ದ ಹಾಗೆ

ಒಂದು ರಾತ್ರಿ ನನ್ನ ಭಾಮೈದ ಕನ್ನಡಕವಿಲ್ಲದೆ ಗಾಡಿ ಸರಿಮಾಡಲು ಹೋಗಿ ಕೆಲವೇ ನಿಮಿಷ ಟ್ಯೂಬಿನ ಎದುರು ನಿಂತಿದ್ದ. ಆಗ ಅವನಿಗೆ ಏನೂ ಅನ್ನಿಸಲಿಲ್ಲ. ನಡುರಾತ್ರಿ ದಾಟಿದ ಮೇಲೆ ಬಂದು ಬಾಗಿಲು ಬಡಿದ. ‘ಭಾವ, ಕಣ್ಣೊಳಗೆ ಮರಳು ಬಿದ್ದಂಗಾಗ್ತಿದೆ, ಬಿಡಕ್ಕಾಗ್ತಿಲ್ಲ.’ ವೆಲ್ಡಿಂಗ್ ಮಾಡುವವರಿಗೆ ಆಗುವ ಪೆಟ್ಟೇ ಇದು. ತಕ್ಷಣ ನೋಯುವುದಿಲ್ಲ, ಗಂಟೆಗಳು ಕಳೆದ ಮೇಲೆ ಉರಿ, ನೀರು, ಬೆಳಕು ಕಂಡರೆ ನೋವು. ಕಣ್ಣು ಉಜ್ಜಬೇಡಿ, ಮನೆಮದ್ದು ಹಾಕಬೇಡಿ, ಕಣ್ಣಿನ ವೈದ್ಯರ ಹತ್ತಿರ ಹೋಗಿ. ಅವನಿಗೆ ಎರಡು ದಿನದಲ್ಲಿ ವಾಸಿಯಾಯಿತು. ಅವತ್ತಿನಿಂದ ಗಾಡಿಯ ಸ್ವಿಚ್ಚನ್ನು ಪಾಲಿಹೌಸಿನ ಬಾಗಿಲ ಹೊರಗೆ ಹಾಕಿಸಿದ್ದೇನೆ.

ದೀಪ ಉರಿಯುವಾಗ ಒಳಗೆ ಯಾರೂ ಇರಬಾರದು. ಗಾಡಿ ತಳ್ಳಲೇಬೇಕಾದರೆ ಮುಖ ಪೂರ್ತಿ ಮುಚ್ಚುವ ಪಾಲಿಕಾರ್ಬೊನೇಟ್ ಶೀಲ್ಡ್, ತುಂಬು ತೋಳಿನ ದಪ್ಪ ಬಟ್ಟೆ, ಕೈಗವಸು ಬೇಕು. ಗಾಡಿಯ ಹಿಂಬದಿಗೆ ತಗಡಿನ ಮರೆ ಇರಲಿ. ಮಕ್ಕಳು, ನಾಯಿ ನುಸುಳದಂತೆ ಬಾಗಿಲಿಗೆ ಬೀಗ ಹಾಕಿ. ನೆಲ ಒದ್ದೆಯಿರುವ ಜಾಗದ ಕರೆಂಟಿನ ಲೈನಿಗೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸುವವರೆಗೆ ಗಾಡಿ ಮುಟ್ಟಬೇಡಿ. ಈ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ದೀಪ ಹಚ್ಚಿದಾಗ ಮೂಗಿಗೆ ಚುಚ್ಚುವ ವಾಸನೆ ಬಂದರೆ ಅದು ಓಝೋನ್ ಬಿಡುವ ಟ್ಯೂಬು, ಬದಲಾಯಿಸಿ. ಟ್ಯೂಬು ಒಡೆದರೆ ಒಳಗೆ ಪಾದರಸವಿದೆ. ಎಲ್ಲರನ್ನೂ ಹೊರಗೆ ಕಳಿಸಿ, ಪರದೆ ಎತ್ತಿ ಗಾಳಿ ಆಡಿಸಿ, ಆಮೇಲೆ ಕೈಗವಸು ಹಾಕಿಕೊಂಡು ಚೂರುಗಳನ್ನು ರಟ್ಟಿನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ ಬೇಡ. ಹನಿ ನೀರಾವರಿಯ ಪೈಪು, ಬಳ್ಳಿ ಕಟ್ಟುವ ದಾರ, ಕ್ಲಿಪ್ಪುಗಳು ಯುವಿ-ಸಿಗೆ ಬೇಗ ಪೆಡಸಾಗುತ್ತವೆ. ತಿಂಗಳಿಗೊಮ್ಮೆ ಬಗ್ಗಿಸಿ ನೋಡಿ.

## ಯಾವಾಗ ಕೈಬಿಟ್ಟು ತಜ್ಞರನ್ನು ಕೇಳಬೇಕು

ಹೊತ್ತು, ಟ್ಯೂಬು, ಪ್ರಮಾಣ, ಕೋನ ನಾಲ್ಕೂ ಸರಿಯಿದ್ದು ಮೂರು ವಾರವಾದರೂ ಹೊಸ ಎಲೆಗೆ ಪುಡಿ ಹತ್ತುತ್ತಿದ್ದರೆ, ಅಥವಾ ಒಂದೇ ವಾರದಲ್ಲಿ ಮಚ್ಚೆ ಕಾಲುಭಾಗ ಗಿಡಗಳಿಗೆ ಹಬ್ಬಿದರೆ, ಇಲ್ಲವೇ ಕಾಂಡ ಕಪ್ಪಾಗಿ ಗಿಡವೇ ಬಾಗುತ್ತಿದ್ದರೆ ಕಾಯಬೇಡಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ. ಬೆಂಗಳೂರಿನ ಸುತ್ತಲಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಉತ್ತರದವರಿಗೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಪೂರ್ತಿ ಒಣಗಿದ ಎಲೆ ಒಯ್ಯಬೇಡಿ, ಅದರಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಈಗತಾನೇ ಮಚ್ಚೆ ಶುರುವಾದ ಎಲೆ, ಅರ್ಧ ರೋಗ ಹತ್ತಿದ ಎಲೆ, ಆರೋಗ್ಯವಾಗಿರುವ ಎಲೆ, ಮೂರನ್ನೂ ಬೇರೆಬೇರೆ ಸುದ್ದಿಪತ್ರಿಕೆಯಲ್ಲಿ ಸುತ್ತಿ ಬೆಳಗ್ಗೆಯೇ ತಲುಪಿಸಿ. ಜೊತೆಗೆ ಒಂದು ಚೀಟಿಯಲ್ಲಿ ಹಾಳೆ ಹಾಕಿದ ವರ್ಷ, ದೀಪ ಓಡಿಸುವ ಹೊತ್ತು, ಗಾಡಿಯ ವೇಗ, ಕಳೆದ ತಿಂಗಳು ಹೊಡೆದ ಔಷಧಿಗಳ ಹೆಸರು, ಬೆಳಕು ತಾಗಿಸದೆ ಬಿಟ್ಟ ಆ ಒಂದು ಸಾಲು ಈಗ ಹೇಗಿದೆ ಎಂಬುದನ್ನು ಬರೆದುಕೊಂಡು ಹೋಗಿ.